ಕಾದ ಕುಳ, ಕೂಸಿನ ಹಾಲು

ಬಣ್ಣ ಹೆಚ್ಚಾಗಿ ಬಿದ್ದಿರಬಹುದೇ? ಹಾಗಿದ್ದರೆ ಈ ನೀಲಿಗೆ ಅರ್ಥವೇ ಇಲ್ಲ.

ಶಂಭುಲಿಂಗಪ್ಪ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಒರೆಸಿಕೊಂಡ. ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ ಮತ್ತೆ ಬಾಗಿದ. ಎಪ್ಪತ್ತನಾಲ್ಕರ ಬೇಸಿಗೆ. ಅವನು ವಿಜ್ಞಾನ ಕಲಿಸುತ್ತಿದ್ದ ಸಂಶಿಯ ಹೈಸ್ಕೂಲು ಶನಿವಾರ ಮಧ್ಯಾಹ್ನ ಬಿಕೋ ಎನ್ನುತ್ತಿತ್ತು. ಗಾಜಿನ ಮೇಲಿದ್ದದ್ದು ಅವನದೇ ಕೂಸಿನ ಬಾಯಿಂದ ತೆಗೆದ ಬಿಳಿ ಬೂಷ್ಟು, ಹಿಟ್ಟು ಹುಳಿ ಬರಿಸುವ ಯೀಸ್ಟಿನ ಕುಲದ್ದು. ಸತ್ತ ಯೀಸ್ಟು ನೀಲಿ ಹಿಡಿಯುತ್ತದೆ. ಬದುಕಿದ್ದು ಬಣ್ಣವನ್ನು ಉಳಿಸಿಕೊಳ್ಳುವುದಿಲ್ಲ.

ಕೂಸಿನ ನಾಲಿಗೆ, ಗಲ್ಲದ ಒಳಮೈ ಎಲ್ಲ ಬೆಳ್ಳಗಾಗಿತ್ತು. ದವಾಖಾನೆಯ ಔಷಧಕ್ಕೆ ಹೋದದ್ದು ಮತ್ತೆ ಬಂದಿತ್ತು. ಕೂಸು ಅತ್ತೂ ಅತ್ತೂ ಸೊರಗುತ್ತಿತ್ತು. "ತಾಯಿ ಹಾಲಿಗೇ ದಿಷ್ಟಿ ಆಗೇತಿ" ಎಂದು ಅವನ ತಾಯಿ ಅನ್ನವ್ವ ತೀರ್ಪು ಕೊಟ್ಟಿದ್ದಳು. ಅಂದಿನಿಂದ ಸೊಸೆ ಶಿವಗಂಗವ್ವ ಕೂಸಿಗೆ ಮೊಲೆ ಕೊಡುವಂತಿರಲಿಲ್ಲ. ಹಾಲನ್ನು ಬಟ್ಟಲಿಗೆ ಹಿಂಡಿಕೊಡಬೇಕು. ಅನ್ನವ್ವ ನೇಗಿಲ ಕುಳವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಅದರಲ್ಲಿ ಚೊಂಯ್ ಎಂದು ಅದ್ದುವಳು. ಆಮೇಲೆ ಒಳಲೆಯಿಂದ ಕುಡಿಸುವಳು.

"ನನ್ನ ಹಾಲು ವಿಷ ಏನ್ರಿ?" ಎಂದು ಬೆಳಿಗ್ಗೆ ಶಿವಗಂಗವ್ವ ಕೇಳಿದ್ದಳು. ಅವನು ಎರಡು ಸೀಸೆ ಮುಂದೆ ಹಿಡಿದಿದ್ದ: ಒಂದಕ್ಕೆ ಹಿಂಡಿದ ಹಾಗೇ ಹಾಲು, ಇನ್ನೊಂದಕ್ಕೆ ಕುಳ ಅದ್ದಿದ್ದು. ಶಾಲೆಗೆ ಬಂದವನೇ ಎರಡರಲ್ಲೂ ಬೂಷ್ಟು ಬೆರೆಸಿಟ್ಟಿದ್ದ. ಈಗ ನೋಡಿದ ಗಾಜು ಹಾಗೇ ಹಿಂಡಿದ ಹಾಲಿನದು.

ಧಾರವಾಡದ ಕಾಲೇಜಿನಲ್ಲಿ ಪ್ರೊಫೆಸರರೊಬ್ಬರು ಹೇಳಿದ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ತಾಯಿ ಹಾಲಿನಲ್ಲಿ ಒಂದು ಪ್ರೋಟೀನು ಕಾವಲಿರುತ್ತದೆ. ರೋಗದ ಗುರುತು ಪರಿಚಯ ಅದಕ್ಕೆ ಬೇಕಿಲ್ಲ, ಕಬ್ಬಿಣ ಕಂಡಲ್ಲಿ ಕಸಿದುಕೊಳ್ಳುತ್ತದೆ. ಕಬ್ಬಿಣವಿಲ್ಲದೆ ಯೀಸ್ಟು ಬೆಳೆಯಲಾರದು, ಎಷ್ಟೋ ಸಲ ಸತ್ತೇ ಹೋಗುತ್ತದೆ. ಹೇಗೆ ಸಾಯುತ್ತದೆಂಬುದು ಪೂರ್ತಿ ತಿಳಿದಿಲ್ಲ ಎಂದೂ ಅವರು ಹೇಳಿದ್ದರು. ಹಾಗಾದರೆ ಕಾದ ಕುಳದಿಂದ ಆ ಕಾವಲುಗಾರನನ್ನು ಮೊದಲು ಸುಟ್ಟು, ಅವನ ಕೈತುಂಬ ಕಬ್ಬಿಣವನ್ನೂ ತುರುಕಿದರೆ?

ಕುಳ ಅದ್ದಿದ ಹಾಲಿನ ಎರಡನೆಯ ಗಾಜು ಇಟ್ಟ. ಅದೇ ಬಣ್ಣ, ಅಷ್ಟೇ ಹನಿ, ಅಷ್ಟೇ ಹೊತ್ತು. ನೀಲಿ ಎಲ್ಲೋ ಒಂದೊಂದು. ಉಳಿದವು ತಿಳಿಯಾಗಿದ್ದವು, ಮೈಗೆ ಮರಿ ಕಚ್ಚಿಕೊಂಡು ಬೆಳೆಯುತ್ತಿದ್ದವು. ಬಣ್ಣದ ತಪ್ಪಲ್ಲ. ಅವನಿಗೆ ನಿರಾಳವಾಗಿ ಉಸಿರು ಬಂತು.

"ಉಣ್ಣೂದು ಬಿಟ್ಟು ಏನ್ ಇಣಿಕಿ ನೋಡಾಕತ್ತೀಲೇ?" ಅನ್ನವ್ವ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹೆಂಡ್ತಿ ಮನ್ಯಾಗ ಅಳಾಕತ್ಯಾಳ, ನೀ ಇಲ್ಲಿ ಕೊಳವಿ ಹಿಡಕೊಂಡು ಕುಂತಿ."

ಅವನು ಮೊದಲಿನ ಗಾಜನ್ನೇ ತಿರುಗಿ ಇಟ್ಟ. "ನೀನೂ ನೋಡಬೇ."

ಅನ್ನವ್ವ ಸೆರಗು ಸರಿಮಾಡಿಕೊಂಡು ಒಂದು ಕಣ್ಣು ಮುಚ್ಚಿ ಬಾಗಿದಳು. "ಅಯ್ಯ ಶಿವನ! ನೀಲಿ ಮಣಿಸರ ಹರಿದು ಬಿದ್ದಂಗ ಐತಲ್ಲೋ. ಏನಿವು?"

"ಕೂಸಿನ ಬಾಯಾನ ಬೂಷ್ಟು. ಸತ್ತಾವು."

"ಕೊಂದವರ್ಯಾರು?"

"ಶಿವಗಂಗಿ ಹಾಲು."

ಮುದುಕಿಯ ಮುಖ ಅರಳಿತು. "ದಿಷ್ಟಿ ಹೋತಂದ್ರ! ಕುಳಕ್ಕ ಅಂಜದ ದಿಷ್ಟಿ ಯಾವುದೈತಿ? ಬಿ.ಎಸ್ಸಿ. ಕಲತು ನೀನೂ ಕಡೀಕ ನನ್ನ ಮಾತಿಗೆ ಬಂದಿ ನೋಡು."

ಶಂಭುಲಿಂಗಪ್ಪ ಎರಡನೆಯ ಗಾಜಿನ ಮೇಲೆ ಅಂಗೈ ಮುಚ್ಚಿದ. "ಹಂಗಾರ ಇನ್ನ ಕುಳ ಕಾಸೂದು ಬ್ಯಾಡಲ್ಲೇನಬೇ?"

"ಹಾಲು ಶುದ್ಧ ಆದಮ್ಯಾಲ ಯಾಕಲೇ? ಕೂಸನ್ನ ಎದಿಗೆ ಹಚ್ಚಲಿ. ಒಲಿ ಮುಂದ ಕುಂತು ನನ್ನ ಕಣ್ಣೂ ಉರಿಯಾಕತ್ತಾವು."

ಸಂಜೆ ಶಿವಗಂಗವ್ವ ಗೋಡೆಗೆ ಒರಗಿ ಕೂಸಿಗೆ ಹಾಲು ಕುಡಿಸುತ್ತ ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತಿದ್ದಳು. "ವಿಷ ಅಲ್ಲ, ಅದ ಔಷಧ" ಎಂದ ಅವನು, ಬೆಳಗಿನ ಪ್ರಶ್ನೆಗೆ. ಬರಬರುತ್ತ ಕೂಸಿನ ನಾಲಿಗೆ ಕೆಂಪೇರಿತು. ಅನ್ನವ್ವ ಕುಳವನ್ನು ನೇಗಿಲಿಗೆ ಕಳಿಸಿದಳು.

ಕುಳ ಅದ್ದಿದ ಹಾಲಿನಲ್ಲಿ ಬೂಷ್ಟು ಬದುಕಿತ್ತೆಂದು ಶಂಭುಲಿಂಗಪ್ಪ ತಾಯಿಗೆ ಎಂದೂ ಹೇಳಲಿಲ್ಲ.