ಹಿಂದಿನ ಓಣಿಯ ನೀರು

ಅಹ್ಮದಸಾಬ ಹೊಳೆಯ ದಂಡೆಯಿಂದ ಮನೆಗೆ ಬರುವ ಹೊತ್ತಿಗೆ ಅವನ ಹೆಂಡತಿ ಅಲೀಮಾ ಪಡಸಾಲೆಯಲ್ಲಿ ಟ್ರಂಕ್ ತೆರೆದುಕೊಂಡು ಕುಳಿತಿದ್ದಳು. ರೇಷನ್ ಕಾರ್ಡು, ಹೊಲದ ಉತಾರ, ಪಾಸ್‌ಬುಕ್ಕು, ತನ್ನ ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಅರಿವೆಗಳ ನಡುವೆ ಇಡುತ್ತಿದ್ದಳು.

"ಎಲ್ಲಿಗೆ ಹೊಂಟಿ? ತವರಮನಿಗೇನು?" ಎಂದು ಅವನು ನಕ್ಕ.

"ತಲಾಠಿ ಬಾಯಿ ಚೀಟಿ ಕೊಟ್ಟು ಹೋಗ್ಯಾರ. ಕಾಗದಪತ್ರ ಕಟ್ಟಿಡ್ರಿ, ಗ್ಯಾಸ್ ಬಂದ್ ಮಾಡ್ರಿ, ಕುರಿ ಹಗ್ಗ ಬಿಚ್ಚಿಡ್ರಿ ಅಂದಾರ. ಕಟ್ಟಿಟ್ರ ಕಳಕೊಳ್ಳೋದೇನೈತಿ?"

"ಬಾಗಿಲಾ ಹಾಕ್ಕೊಂಡರ ಕಟ್ಟು. ನಾವು ಗಂಟು ಕಟ್ಟೋದು ನೋಡಿದ್ರ ಊರಿಗೆ ಊರ ಎದ್ದು ಓಡ್ತೈತಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಲಪ್ರಭೆಯ ದಂಡೆಯ ಆ ಊರು ಪಟ್ಟದಕಲ್ಲಿನಿಂದ ಬಸ್ಸಿಗೆ ಅರ್ಧ ತಾಸಿನ ದಾರಿ. ಹೊಳೆಗೆ ಇಳಿಯಲು ಇಪ್ಪತ್ತು ಕಲ್ಲಿನ ಪಾವಟಿಗೆಗಳಿದ್ದವು. ಮೇಲಿನ ಏಳು ಪಾವಟಿಗೆ ಒಣಗಿರುವ ತನಕ ಊರಿಗೆ ಭಯವಿಲ್ಲ, ನೀರು ಏಳನೆಯದನ್ನು ಮುಟ್ಟಿದ ಕೂಡಲೇ ಮನೆ ಬಿಡಬೇಕು ಎಂಬುದು ಅವನ ತಂದೆ ಕಲಿಸಿದ ಲೆಕ್ಕ. 2019ರ ಮಹಾಪೂರದಲ್ಲಿ ಅಹ್ಮದಸಾಬ ಆ ಲೆಕ್ಕ ಹಿಡಿದೇ ಮಸೀದಿಯ ಮೈಕಿನಲ್ಲಿ ಕೂಗಿ ಊರನ್ನು ಎಬ್ಬಿಸಿದ್ದ. ಒಂದು ಕೋಳಿ ಕೂಡ ಸತ್ತಿರಲಿಲ್ಲ. ಅಂದಿನಿಂದ ಅವನ ಮಾತಿಗೆ ತೂಕ ಬಂತು, ಸುಳ್ಳೇಕೆ ಹೇಳಬೇಕು, ಅವನಿಗೆ ತುಸು ಗತ್ತೂ ಬಂತು. ಮಳೆಗಾಲದಲ್ಲಿ ಜನ ಆಕಾಶ ನೋಡುವುದನ್ನು ಬಿಟ್ಟು ಅವನ ಮನೆಯ ಬಾಗಿಲು ನೋಡುತ್ತಿದ್ದರು.

ಮಧ್ಯಾಹ್ನದ ನಮಾಜು ಮುಗಿಸಿ ಹೊರಗೆ ಬಂದಾಗ ರೋಹಿಣಿ ಕಾಯುತ್ತಾ ನಿಂತಿದ್ದಳು. ಸರ್ಕಾರದ ಕಾಗದದಲ್ಲಿ ಅವಳು ಗ್ರಾಮ ಆಡಳಿತಾಧಿಕಾರಿ, ಊರಿನವರ ಬಾಯಲ್ಲಿ ತಲಾಠಿ ಬಾಯಿ. ರೇನ್‌ಕೋಟಿನ ತುಂಬ ಕೆಸರು, ಮುಖದ ತುಂಬ ಆತಂಕ.

"ಕಾಕಾ, ಮುಂಜಾನೆ ಡ್ಯಾಮಿನಿಂದ ಬಿಟ್ಟ ನೀರು ಸಂಜಿಗೆ ಇಲ್ಲಿ ಮುಟ್ತೈತಿ. ಗುಡ್ಡದಾಗ ಮಳಿನೂ ನಿಂತಿಲ್ಲ. ಹಿಂದಿನ ಓಣಿಯವರನ್ನ ಮೊದಲ ದಿಬ್ಬದ ಮ್ಯಾಲಿನ ಕನ್ನಡ ಸಾಲಿಗೆ ಕಳಿಸ್ಬೇಕು. ನಾ ಹೇಳಿದ್ರ ಏಳವಲ್ರು. ಸಾಬ್ರ ಹೇಳ್ಲಿ ಅಂತಾರ."

"ಹೊಳಿ ಇರೋದು ಮುಂದ, ನೀವು ಹಿಂದಿನ ಓಣಿ ಎಬ್ಬಿಸ್ತೀರಿ. ಹತ್ತೊಂಬತ್ತರಾಗ ಅಲ್ಲಿಗೆ ನೀರು ಕಡೀಕ ಬಂದಿತ್ರಿ."

"ಆವಾಗ ರಸ್ತೆ ಎತ್ತರ ಇರಲಿಲ್ರಿ. ಈಗ ಹಿಂದಿನ ಹಳ್ಳದ ನೀರು ರಸ್ತೆ ದಾಟಾಕ ಎರಡ ಪೈಪ್ ಅದಾವು. ಹೊಳಿ ಏರಿದ್ರ ಹಳ್ಳ ಎಲ್ಲಿ ಹರೀಬೇಕು?"

ಅಹ್ಮದಸಾಬನಿಗೆ ಒಳಗೊಳಗೇ ಸಿಟ್ಟು ಬಂತು. "ಹೋದ ವರ್ಷ ಎರಡು ಸಲ ಎಬ್ಬಿಸಿದ್ರಿ. ಎರಡೂ ಸಲ ನೀರು ಬರಲಿಲ್ಲ. ಮಳ್ಯಾಗ ನೆನೆದು ಕೂಸುಗಳಿಗೆ ಜ್ವರಾ ಬಂದ್ವು, ನಾಕು ಮನಿ ಕೋಳಿ ಕಳುವಾದ್ವು. ಮತ್ತ ಹ್ಯಾಂಗ ನಂಬ್ತಾರ್ರಿ ಜನ?"

"ನಿಮ್ಮ ಮಾತೂ ಖರೆ ಐತ್ರಿ," ಎಂದಳು ರೋಹಿಣಿ. "ಆದ್ರ ನೀರು ಬರಲಿಲ್ಲ ಅಂತ ನಾ ಅಳಬೇಕೇನ್ರಿ?"

ಅವನು ತಲೆ ಅಲ್ಲಾಡಿಸಿ, ಯಾರನ್ನೂ ಎಬ್ಬಿಸದೆ ಮನೆಯ ಕಡೆ ನಡೆದ. ಈಗಿನ್ನೂ ಎಣಿಸಿ ಬಂದಿದ್ದ, ಹನ್ನೊಂದು ಪಾವಟಿಗೆ ಒಣಗಿದ್ದವು. ಆದರೂ ಎದೆಯಲ್ಲಿ ಒಂದು ಮುಳ್ಳು ಆಡತೊಡಗಿತು. ಹಿಂದಿನ ಓಣಿಯ ಕಡೆಯ ಮನೆ ನೇಕಾರ ದುರಗಪ್ಪನದು. ಅವನ ತಾಯಿ ಲಗಮವ್ವನಿಗೆ ಮೂರು ವರ್ಷದಿಂದ ಕಾಲು ಬಿದ್ದುಹೋಗಿದ್ದವು. ನೇಯ್ದ ಸೀರೆಗಳನ್ನು ಇಳಕಲ್ಲಿಗೆ ಮುಟ್ಟಿಸಲು ಹೊರಟ ದುರಗಪ್ಪ ಬೆಳಿಗ್ಗೆ ಬಸ್ಸು ಹತ್ತುವ ಮುನ್ನ, "ಕಾಕಾ, ಅವ್ವನ್ನ ಸಾಲಿಗೆ ಬಿಟ್ಟು ಹೋಗ್ಲೇನು?" ಎಂದು ಕೇಳಿದ್ದ. "ನಾ ಇದ್ದೇನಲ್ಲೋ, ನೀ ಹೋಗಿ ಬಾ," ಎಂದು ಅಹ್ಮದಸಾಬ ಕಳಿಸಿದ್ದ.

ಮೂರು ಗಂಟೆಗೆ ಮತ್ತೆ ಹೊಳೆಗೆ ಹೋಗಿ ಎಣಿಸಿದ. ಹತ್ತು. ಇನ್ನೂ ಮೂರು ಪಾವಟಿಗೆಯ ಅಂತರ ಇದೆ ಎಂದುಕೊಂಡು ಮೇಲೆ ಹತ್ತುತ್ತಿದ್ದಾಗಲೇ ಕಿರಾಣಿ ಅಂಗಡಿಯ ಶಂಕ್ರಪ್ಪ ಧೋತರ ಎತ್ತಿಕಟ್ಟಿಕೊಂಡು ಓಡಿ ಬಂದ.

"ಸಾಬ್ರ, ಹಳ್ಳ ಹಿಂದಕ ಹರ್ಯಾಕತ್ತೈತಿ. ಓಣ್ಯಾಗ ಮೊಣಕಾಲ ಮಟ ನೀರು."

ಅಹ್ಮದಸಾಬ ಮೊದಲು ನಂಬಲಿಲ್ಲ. ಬೆನ್ನ ಹಿಂದೆ ಹತ್ತು ಪಾವಟಿಗೆ ಒಣಗಿಯೇ ಇದ್ದವು. ಹಿಂದಿನ ಓಣಿಯ ತಿರುವಿಗೆ ಬಂದಾಗ ನೀರು ಕಂಡಿತು. ಸದ್ದಿಲ್ಲ, ಸೆಳೆತವಿಲ್ಲ. ಕೆಂಪು ನೀರು ಜೋಳದ ದಂಟು, ಪ್ಲಾಸ್ಟಿಕ್ ಚೀಲ ಹೊತ್ತುಕೊಂಡು ಮನೆಮನೆಯ ಹೊಸ್ತಿಲು ದಾಟುತ್ತಿತ್ತು. ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಎದುರು ಬರುತ್ತಿದ್ದರು. ಅವನು ಅವರ ಮುಖ ತಪ್ಪಿಸಿ ಶಂಕ್ರಪ್ಪನೊಂದಿಗೆ ನೀರಿಗಿಳಿದ.

ದುರಗಪ್ಪನ ಮನೆಯ ಬಾಗಿಲಲ್ಲಿ ನೀರು ತೊಡೆಯ ತನಕ ಇತ್ತು. ಒಳಗೆ ಮಬ್ಬುಗತ್ತಲು. ಲಗಮವ್ವ ಹೊರಸಿನ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ನೀರು ಅವಳ ಸೊಂಟ ಮುಟ್ಟಿತ್ತು. ಸೀರೆಯ ಸೆರಗನ್ನು ಒದ್ದೆಯಾಗದಂತೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

"ಯಕ್ಕಾ, ಒದರಬಾರದಾ?" ಎಂದು ಅವನು ಗೋಡೆ ಹಿಡಿದು ಅವಳ ಹತ್ತಿರ ಹೋದ.

ಅವಳು ಸೆರಗು ಬಿಟ್ಟು ಹೇಳಿದಳು: "ಏಳ ಪಾವಟಿಗಿ ಅಂದಿದ್ದೆಲ್ಲೋ ತಮ್ಮಾ. ಇದು ಇಷ್ಟಕ್ಕ ನಿಂದರತೈತಿ ಅಂತ ತಿಳಕೊಂಡೆ."

ಅಹ್ಮದಸಾಬ ಬೆನ್ನು ಕೊಟ್ಟ. ಶಂಕ್ರಪ್ಪ ಮುದುಕಿಯನ್ನು ಎತ್ತಿ ಅವನ ಬೆನ್ನಿಗೇರಿಸಿದ. ಅವಳ ಕೈಗಳು ಕೊರಳನ್ನು ಬಿಗಿದವು. ಬಾಗಿಲಿನತ್ತ ನೇರ ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಕಾಲ ಕೆಳಗೆ ನೆಲವೇ ಇರಲಿಲ್ಲ. ನೇಕಾರರ ಮನೆಯ ಮಗ್ಗ, ಕಾಲು ಇಳಿಬಿಟ್ಟು ನೇಯಲು ನೆಲದಲ್ಲಿ ತೋಡಿದ ಕುಣಿ. ಕುಣಿಯೂ ನೆಲವೂ ಒಂದೇ ಕೆಂಪು ನೀರಾಗಿದ್ದವು. ಇಬ್ಬರೂ ಮುಳುಗಿದರು. ಬಾಯೊಳಗೆ ಕೆಸರು ನುಗ್ಗಿತು. ಕೊರಳ ಮೇಲಿನ ಹಿಡಿತ ಸಡಿಲವಾಯಿತು. ಕೈಗೆ ಸಿಕ್ಕ ಸೀರೆಯನ್ನು ಬಿಗಿಯಾಗಿ ಹಿಡಿದ, ಬಿಡಲಿಲ್ಲ. ಶಂಕ್ರಪ್ಪ ಮಗ್ಗದ ಕಂಬಕ್ಕೆ ಒಂದು ಕೈ ಸುತ್ತಿ ಇನ್ನೊಂದರಿಂದ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದ.

ಶಾಲೆ ದಿಬ್ಬದ ಮೇಲಿತ್ತು. ಅಲ್ಲಿಯ ವರಾಂಡದಲ್ಲಿ ಲಗಮವ್ವ ಕೆಮ್ಮಿ ಕೆಮ್ಮಿ ನೀರು ಕಾರಿದಳು. ರೋಹಿಣಿ ಒಣ ಕಂಬಳಿ ಹೊದಿಸಿ, ಬಿಸಿ ಚಹಾ ಕುಡಿಸಿದಳು. ಮುದುಕಿಯ ತುಟಿಗೆ ಬಣ್ಣ ಬರುವ ತನಕ ಅಹ್ಮದಸಾಬ ಅಲ್ಲಿಂದ ಕದಲಲಿಲ್ಲ.

ಅವಳು ಅವನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಮುದುಕಿ ತಾನ ಹಟಾ ಹಿಡಿದು ಕುಂತಿದ್ಲು ಅಂತ ನಾ ಹೇಳ್ತೇನಿ. ಊರಾಗ ನಿನ್ನ ಮಾತು ಕೆಡಬಾರ್ದು."

ಆ ಮಾತು ಅವನಿಗೆ ಆಸೆ ತೋರಿಸಿತು, ಇಲ್ಲವೆಂದರೆ ತಪ್ಪಾದೀತು. ಅವನು ಸುಮ್ಮನಿದ್ದರೆ ಸಾಕಿತ್ತು. ಆದರೆ ದಿಬ್ಬದಿಂದ ಊರು ಪೂರಾ ಕಾಣುತ್ತಿತ್ತು. ಹಿಂದಿನ ಓಣಿ ಖಾಲಿಯಾಗಿತ್ತು. ಅದಕ್ಕೆ ಹೊಂದಿಕೊಂಡ ನಡುವಿನ ಓಣಿಯಲ್ಲಿ ಮಾತ್ರ ಒಲೆಗಳಿಂದ ಹೊಗೆ ಏಳುತ್ತಿತ್ತು, ಜನ ಕಟ್ಟೆಯ ಮೇಲೆ ಕುಳಿತಿದ್ದರು. ಎಲ್ಲರೂ ಹೊಳೆಯ ಕಡೆಗೇ ಮುಖ ಮಾಡಿದ್ದರು.

ಅವನು ಒದ್ದೆ ಅಂಗಿಯಲ್ಲೇ ಮಸೀದಿಗೆ ಹೋಗಿ ಮೈಕು ಹಚ್ಚಿದ.

"ನಾ ಅಹ್ಮದಸಾಬ ಮಾತಾಡಾಕತ್ತೇನಿ. ನನ್ನ ಲೆಕ್ಕ ತಪ್ಪೈತಿ. ಪಾವಟಿಗಿ ನೋಡ್ಕೋತ ಕುಂದರಬ್ಯಾಡ್ರಿ, ನೀರು ಹಳ್ಳದ ಕಡಿಂದ ಬಂದೈತಿ. ಲಗಮವ್ವಕ್ಕ ನನ್ನ ಮಾತು ನಂಬಿ ಕುಂತು ಸಾಯೋಹಂಗ ಆಗಿದ್ಲು. ತಲಾಠಿ ಬಾಯಿ ಹೇಳಿದ್ದ ಖರೆ. ಕಾಗದಪತ್ರ, ಗುಳಿಗಿ ತಗೊಳ್ರಿ. ಕರೆಂಟ್ ಬಂದ್ ಮಾಡ್ರಿ. ದನಾ ಕುರಿ ಹಗ್ಗ ಬಿಚ್ರಿ. ನಡಿಯಾಕ ಆಗಲಾರದವರನ್ನ ಮೊದಲ ಎತ್ಕೊಂಡು ಸಾಲಿಗೆ ಬರ್ರಿ."

ಹೇಳಿ ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಹೇಳಿದ. ಮೂರನೆಯ ಸಲವೂ ಹೇಳಿ ಮೈಕು ಆರಿಸಿದ. ಹೊರಗೆ ಬಂದಾಗ ನಡುವಿನ ಓಣಿಯಲ್ಲಿ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು, ಕರುಗಳು ಒದರುತ್ತಿದ್ದವು, ತಲೆಯ ಮೇಲೆ ಗಂಟು ಹೊತ್ತ ಜನ ದಿಬ್ಬದ ಕಡೆ ನಡೆಯುತ್ತಿದ್ದರು. ಮನೆಯಲ್ಲಿ ಅಲೀಮಾ ಟ್ರಂಕಿನ ಒಂದು ಹಿಡಿಕೆ ಹಿಡಿದಳು, ಅವನು ಇನ್ನೊಂದು ಹಿಡಿದ. ಆರು ಗಂಟೆಗೆ ನಡುವಿನ ಓಣಿಗೂ ನೀರು ಬಂತು. ಅಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಶಾಲೆಯಲ್ಲಿ ಅನ್ನ ಸಾರು ಬಡಿಸುತ್ತಿದ್ದಾಗ, ಅಲೀಮಾ ಮನೆಯಿಂದ ತಂದಿದ್ದ ಅವನ ಫೋನು ರಿಂಗಾಯಿತು. ದುರಗಪ್ಪ. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದಿದ್ದ.

"ಕಾಕಾ, ನಮ್ಮವ್ವ?"

ಲಗಮವ್ವ ಕಂಬಳಿಯೊಳಗಿಂದ ಕೈ ಆಡಿಸಿ, ಹೇಳಬೇಡ ಎಂದು ಸನ್ನೆ ಮಾಡಿದಳು.

"ಆರಾಮ ಅದಾಳ, ನನ್ನ ಮಗ್ಗಲಾಗ ಕುಂತಾಳ," ಎಂದ ಅಹ್ಮದಸಾಬ. "ಆದ್ರ ನೀರಾಗ ಮುಳುಗಿ ಎದ್ದಾಳ. ನಾ ಎಬ್ಬಿಸಲಿಲ್ಲೋ ದುರಗಪ್ಪಾ. ತಪ್ಪು ನನ್ನದ."

ಬಸ್ಸುಗಳ ಸದ್ದಿನ ನಡುವೆ ದುರಗಪ್ಪ ಕೇಳಿದ: "ನೀರು ಇನ್ನೂ ಏರತೈತೇನ್ ಕಾಕಾ? ಈಗ ಬರ್ಲೋ, ನಾಳೆ ಬರ್ಲೋ?"

ಫೋನಿನ ಮಾತು ಕೇಳಿ ಸುತ್ತ ಕುಳಿತವರು ಊಟ ನಿಲ್ಲಿಸಿ ಅವನ ಮುಖ ನೋಡಿದರು. ಇಷ್ಟು ವರ್ಷ ಈ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇರುತ್ತಿತ್ತು.

"ನನಗ ಗೊತ್ತಿಲ್ಲಪಾ," ಎಂದ. "ತಲಾಠಿ ಬಾಯಿಗೆ ಕೊಡ್ತೇನಿ, ಅವರನ್ನ ಕೇಳು."

ಎದ್ದು ಹೋಗಿ, ಅನ್ನ ಬಡಿಸುತ್ತಿದ್ದ ರೋಹಿಣಿಯ ಕೈಯ ಸೌಟು ತಾನು ಇಸಿದುಕೊಂಡು ಫೋನು ಅವಳಿಗೆ ಕೊಟ್ಟ.