ಕಳಿಸುವ ಮೊದಲು ಕೇಳಬೇಕಾದ ಮಾತು

ಹಾಸಿಗೆ ಅಂಗಡಿಯಲ್ಲಿ ತಾಯಿ ಮಗಳು ಮಾತು ಬಿಟ್ಟು ಮೂರು ದಿನವಾಗಿತ್ತು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಮೂಲೆಯಲ್ಲಿ ಅಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ಹಿಂಜುತ್ತಾನೆ. ನಡುವೆ ಅಮ್ಮ ಗವಸಿಗೆ ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣ ಹಿಡಿದು ಹೊಲಿಯುತ್ತಾಳೆ. ಬೀದಿಗೆಲ್ಲ ಅವಳು ಹಾಸಿಗೆಯಮ್ಮ. ಅವಳ ದನಿ ಕೇಳದೆ ಪಕ್ಕದ ಮನೆಯ ನರ್ಸಕ್ಕನಿಗೆ ಬೆಳಗಾಗುವುದಿಲ್ಲ. ಅವತ್ತು ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು.

"ಏನೇ, ಬಾಯಿಗೂ ಹೊಲಿಗೆ ಹಾಕ್ಕೊಂಡ್ಯಾ?"

"ಹಾಕ್ಕೊಳ್ಳೋದೇ ವಾಸಿ. ಅವಳನ್ನೇ ಕೇಳು."

ಮಗಳು ಒಳಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಕಣ್ಣುಗಳು ಊದಿಕೊಂಡಿದ್ದವು. ಅವಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ, ಸಸ್ಯಶಾಸ್ತ್ರ ಓದುತ್ತಾಳೆ. ಹೊರದೇಶದ ಒಂದು ವಿಶ್ವವಿದ್ಯಾಲಯ ಬೇರೆ ದೇಶದ ಪದವಿ ವಿದ್ಯಾರ್ಥಿಗಳಿಗೆ ಒಂದು ವರ್ಷ ತನ್ನಲ್ಲಿ ಓದಲು ವಿದ್ಯಾರ್ಥಿವೇತನ ಕೊಡುತ್ತದೆ. ಅದಕ್ಕೆ ಅವಳು ಆಯ್ಕೆಯಾಗಿದ್ದಳು.

"ಶುಕ್ರವಾರದೊಳಗೆ ಉತ್ತರ ಕೊಡಬೇಕು, ನರ್ಸಕ್ಕ. ಅಮ್ಮ ಬೇಡ ಅಂದ್ರೆ ನಾನು ಹೋಗಲ್ಲ. ಆದ್ರೆ ಬೇಡ ಅಂತ ನಾನೇ ಬರೀಬೇಕಲ್ಲ, ಕೈ ಬರ್ತಿಲ್ಲ."

"ಹೊರದೇಶ ಅನ್ನೋ ಮಾತು ಈ ಮನೇಲಿ ಬೇಡ" ಎಂದಳು ಹಾಸಿಗೆಯಮ್ಮ.

ಯಾಕೆ ಬೇಡ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವಳ ದೊಡ್ಡ ಮಗ ಏಜೆಂಟನೊಬ್ಬನ ಮಾತು ನಂಬಿ ಹೊರದೇಶಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹೋದ ದಿನವೇ ಅವನ ಪಾಸ್‌ಪೋರ್ಟನ್ನು ಮೇಸ್ತ್ರಿ ತೆಗೆದಿಟ್ಟುಕೊಂಡಿದ್ದ. ಜ್ವರ ಬಂದು ಮಲಗಿದಾಗ ಆಸ್ಪತ್ರೆಗೆ ಕರೆದೊಯ್ಯುವವರಿರಲಿಲ್ಲ. ಸತ್ತ ಸುದ್ದಿಯನ್ನು ಮನೆಗೆ ತಿಳಿಸಿದ್ದು ಜೊತೆಗಿದ್ದ ಒಬ್ಬ ಕೂಲಿಯವನು, ಅದೂ ವಾರ ಕಳೆದ ಮೇಲೆ. ಏಜೆಂಟನ ಫೋನು ಆಗಲೇ ಸತ್ತಿತ್ತು. ಶಾಲೆಗಳಿಗೆ ರಜೆ ಬಿಟ್ಟಾಗ ತೀರಿಕೊಂಡ ಹುಡುಗ, ಶಾಲೆ ತೆರೆದು ಮಕ್ಕಳು ಹೊಸ ಚೀಲ ಹಾಕಿಕೊಂಡು ಓಡಾಡುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಮನೆಗೆ ಬಂದ. ಮುಖ ನೋಡಬೇಡಿ ಎಂದರು. ಅಮ್ಮ ನೋಡಲಿಲ್ಲ. ಆ ನೋಡದ ಮುಖವೇ ಇವತ್ತಿಗೂ ಅವಳ ಕಣ್ಣ ಮುಂದಿದೆ.

ನರ್ಸಕ್ಕ ಒಳಗೆ ಬಂದು ಹತ್ತಿ ಸರಿಸಿ ಕುಳಿತಳು. ಅವಳ ಮಗಳೂ ಇಂಥದೇ ವಿದ್ಯಾರ್ಥಿವೇತನದಲ್ಲಿ ಹೋಗಿ ಓದಿ ಬಂದವಳು.

"ದೊಡ್ಡವನು ಹೋದದ್ದು ಕೆಲಸಕ್ಕೆ. ಇವಳು ಹೋಗೋದು ಓದೋಕೆ. ಎರಡೂ ಒಂದೇ ಅಲ್ಲ ಕಣೇ."

"ವಿಮಾನ ಒಂದೇ ಅಲ್ವಾ? ಬಿಡು. ಪುಕ್ಕಟೆ ಯಾರು ಕೊಡ್ತಾರೆ? ಅವನಿಗೂ ಹೀಗೇ ಬಣ್ಣಬಣ್ಣದ ಮಾತು ಹೇಳಿದ್ರು."

"ಅನುಮಾನ ಬಂದದ್ದು ಒಳ್ಳೇದೇ. ಅದನ್ನ ಎದೇಲಿ ಇಟ್ಕೊಂಡು ಕೊರಗಬೇಡ, ಬಾಯಿಬಿಟ್ಟು ಕೇಳು. ಬೇರೆ ದೇಶದ ಮಕ್ಕಳು ಬಂದು ತಮ್ಮ ಮಕ್ಕಳ ಜೊತೆ ಕೂತು ಓದಲಿ ಅಂತ ಆ ವಿಶ್ವವಿದ್ಯಾಲಯದವರು ಹಣ ತೆಗೆದಿಟ್ಟಿರ್ತಾರೆ. ಕೆಲವರು ಎಲ್ಲ ಖರ್ಚೂ ಕೊಡ್ತಾರೆ. ಕೆಲವರು ಬರೀ ಫೀಸು ಕೊಟ್ಟು ಕೈ ತೊಳ್ಕೋತಾರೆ. ಏನು ಕೊಡ್ತೀರಿ, ಏನು ಕೊಡಲ್ಲ ಅಂತ ಬರಹದಲ್ಲಿ ಕೇಳಬೇಕು."

"ನನಗೆ ಟಿಕೆಟ್ಟು, ಕೋಣೆ, ಊಟ, ಆರೋಗ್ಯ ವಿಮೆ ಎಲ್ಲ ಬರೆದು ಕೊಟ್ಟಿದ್ದಾರೆ" ಎಂದಳು ಮಗಳು ಮೆಲ್ಲಗೆ.

"ಇಲ್ಲಿ ಒಂದು ವರ್ಷ ಮಣ್ಣುಪಾಲಾಗುತ್ತಲ್ಲ?"

"ಇಲ್ಲಮ್ಮ. ಅಲ್ಲಿ ಪಾಸಾದ ವಿಷಯ ಇಲ್ಲಿನ ಡಿಗ್ರಿಗೆ ಸೇರಿಸ್ತೀವಿ ಅಂತ ನಮ್ಮ ಕಾಲೇಜು ಬರೆದು ಕೊಟ್ಟಿದೆ. ಮುಗಿಸಿ ಬಂದು ಉಳಿದ ಪರೀಕ್ಷೆ ಇಲ್ಲೇ ಬರೀತೀನಿ."

"ಬರ್ತೀಯ" ಎಂದಳು ಅಮ್ಮ. "ಅವನೂ ಬರ್ತೀನಿ ಅಂದಿದ್ದ."

ನರ್ಸಕ್ಕ ಇನ್ನಷ್ಟು ಹತ್ತಿರ ಸರಿದು ಎಂದಳು, "ನಾನು ಹೇಳಿದ್ದು ನಂಬಬೇಡ. ಇವಳು ಹೇಳಿದ್ದೂ ನಂಬಬೇಡ. ನಾಳೆ ಮಧ್ಯಾಹ್ನ ಅಲ್ಲಿ ಬೆಳಗಾಗಿ ಆಫೀಸು ತೆರೆದಿರುತ್ತೆ. ನೀನೇ ಫೋನ್ ಮಾಡು."

"ನಾನಾ? ಅವರ ಭಾಷೆ ನನಗೆ ಬರುತ್ತಾ?"

"ಮಗಳನ್ನ ಇಷ್ಟು ಓದಿಸಿದ್ದು ಯಾತಕ್ಕೆ? ಅವಳು ಅವರ ಭಾಷೇಲಿ ಹೇಳ್ತಾಳೆ, ನೀನು ಜಗಳ ಮಾಡು."

ಮರುದಿನ ಮಗಳು ವಿಶ್ವವಿದ್ಯಾಲಯದ ಸ್ವಂತ ವೆಬ್‌ಸೈಟಿನಲ್ಲಿದ್ದ ನಂಬರಿಗೇ ಫೋನ್ ಮಾಡಿದಳು. ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿಣಿ ಮಾತಿಗೆ ಸಿಕ್ಕಳು. ಹಾಸಿಗೆಯಮ್ಮ ದಬ್ಬಣ ಕೈಯಲ್ಲೇ ಹಿಡಿದುಕೊಂಡು ಫೋನಿನ ಹತ್ತಿರ ಬಗ್ಗಿದಳು.

"ಹುಷಾರು ತಪ್ಪಿದ್ರೆ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ, ಕೇಳು."

ಹಾಸ್ಟೆಲಿನಲ್ಲಿ ಹಗಲೂ ರಾತ್ರಿ ಒಬ್ಬರು ಇರುತ್ತಾರೆ, ಅವರೇ ಕರೆದೊಯ್ಯುತ್ತಾರೆ, ವಿಮೆ ಇರುವುದರಿಂದ ಚಿಕಿತ್ಸೆಯ ಹಣಕ್ಕಾಗಿ ಕಾಯಬೇಕಿಲ್ಲ ಎಂದು ಉತ್ತರ ಬಂತು.

"ಪಾಸ್‌ಪೋರ್ಟು ಯಾರ ಹತ್ರ ಇರುತ್ತೆ?"

"ನಿಮ್ಮ ಮಗಳ ಹತ್ತಿರವೇ. ಅದನ್ನು ತೆಗೆದಿಟ್ಟುಕೊಳ್ಳುವ ಹಕ್ಕು ನಮಗಿಲ್ಲ."

ಅಮ್ಮ ಫೋನಿಗೆ ಇನ್ನಷ್ಟು ಹತ್ತಿರ ಬಂದಳು. "ಮನಸ್ಸಿಗೆ ಹಿಡಿಸದಿದ್ರೆ ನಡುವೆ ವಾಪಸ್ ಬರಬಹುದಾ?"

ಬರಬಹುದು, ವಿದ್ಯಾರ್ಥಿವೇತನ ಅಲ್ಲಿಗೆ ನಿಲ್ಲುತ್ತದೆ, ಆದರೆ ಯಾರೂ ತಡೆಯುವುದಿಲ್ಲ ಎಂದಳು ಅಧಿಕಾರಿಣಿ. ಆಮೇಲೆ ಅವಳೇ ಏನೋ ಕೇಳಿದಳು. ಮಗಳು ಅದನ್ನು ಕನ್ನಡದಲ್ಲಿ ಹೇಳುವ ಬದಲು ಅಮ್ಮನ ಮುಖ ನೋಡಿದಳು.

"ಏನಂತೆ?"

"ಏನಾದ್ರೂ ಆದ್ರೆ ಅವರು ಮೊದಲು ಯಾರಿಗೆ ಫೋನ್ ಮಾಡಬೇಕು ಅಂತ ಕೇಳ್ತಿದ್ದಾರೆ, ಅಮ್ಮ."

ಹಾಸಿಗೆಯಮ್ಮ ನಿಂತಲ್ಲೇ ಕೂತಳು. ದೊಡ್ಡವನನ್ನು ಕರೆದೊಯ್ದವರು ಯಾರೂ ಇದನ್ನು ಕೇಳಿರಲಿಲ್ಲ.

"ನನಗೆ" ಎಂದಳು. "ನನಗೆ ಮಾಡಲಿ. ಯಾವ ಹೊತ್ತಾದ್ರೂ ಸರಿ." ಒಂದೊಂದೇ ಅಂಕಿ ಬಿಡಿಸಿ ನಂಬರು ಹೇಳಿದಳು. ಆ ಕಡೆಯ ದನಿ ಅದನ್ನು ತಿರುಗಿ ಓದಿತು. "ಇನ್ನೊಂದು ಸಲ ಓದೋಕೆ ಹೇಳು" ಎಂದಳು. ಆ ದನಿ ಬೇಸರಿಸದೆ ಇನ್ನೊಂದು ಸಲ ಓದಿತು.

ಫೋನ್ ಇಟ್ಟ ಮೇಲೆ ಮೂಲೆಯಲ್ಲಿದ್ದ ಅಪ್ಪ ಮೂಗಿನ ಬಟ್ಟೆ ಬಿಚ್ಚಿದ. "ಅವತ್ತು ಆ ಏಜೆಂಟನ್ನ ನಾನು ಸಂಬಳ ಎಷ್ಟು ಅಂತ ಮಾತ್ರ ಕೇಳಿದ್ದೆ" ಎಂದ.

"ನಾನು ಅದನ್ನೂ ಕೇಳಲಿಲ್ಲ" ಎಂದಳು ಹೆಂಡತಿ.

ಸಂಜೆ ನರ್ಸಕ್ಕ ಬಂದಾಗ ಹಾಸಿಗೆಯಮ್ಮ ಅವಳ ಕೈ ಹಿಡಿದಳು. "ಏನೂ ಆಗಲ್ಲ ಅಂತ ಒಂದು ಮಾತು ಹೇಳು."

"ಆ ಮಾತನ್ನ ನಾನು ಯಾವ ರೋಗಿಗೂ ಹೇಳಿದವಳಲ್ಲ. ಕೇಳಬೇಕಾದ್ದನ್ನ ಕೇಳಿದ್ದೀಯ. ತಾಯಿ ಕೈಲಿ ಆಗೋದು ಅಷ್ಟೇ ಕಣೇ."

ಹಾಸಿಗೆಯಮ್ಮ ಅವಳ ಕೈ ಬಿಟ್ಟಳು. ಆಮೇಲೆ ಮಗಳ ಕಡೆ ತಿರುಗಿದಳು. "ಬರ್ತೀನಿ ಅಂತ ಬರೆದು ಕಳಿಸು. ಹೋಗೋದ್ರೊಳಗೆ ಅಡುಗೆ ಕಲಿ. ನೀನು ನೀರು ಕಾಯಿಸಿದ್ರೂ ತಳ ಹಿಡಿಯುತ್ತೆ."

ಮಗಳು ನಗುತ್ತಲೇ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗನೋ ಮಗಳೋ ಪದವಿ ಓದುತ್ತಿದ್ದರೆ, ಒಂದು ವರ್ಷ ಹೊರದೇಶದಲ್ಲಿ ಓದಲು ಯಾವ ವಿದ್ಯಾರ್ಥಿವೇತನವಿದೆ ಎಂದು ಕಾಲೇಜಿನಲ್ಲಿ ವಿಚಾರಿಸಿ. ಮೊದಲ ವರ್ಷದಲ್ಲೇ ವಿಚಾರಿಸಿ, ಪಾಸ್‌ಪೋರ್ಟು ಆಗಲು ಸಮಯ ಹಿಡಿಯುತ್ತದೆ. ವಿದ್ಯಾರ್ಥಿವೇತನ ಕೊಡಿಸುತ್ತೇನೆ, ಮುಂಗಡ ಕೊಡಿ ಎಂದವನಿಗೆ ಬಾಗಿಲು ತೋರಿಸಿ. ಭಯವಾದರೆ ಬೇಡ ಎನ್ನಬೇಡಿ, ಪ್ರಶ್ನೆ ಕೇಳಿ. ಓದಲು ಹೋಗುವ ಮಗಳಿಗಾಗಿ ಕೇಳಿದ ಅದೇ ಪ್ರಶ್ನೆಗಳನ್ನು ದುಡಿಯಲು ಹೋಗುವ ಮಗನಿಗಾಗಿಯೂ ಕೇಳಿ. ಅವನು ಹೊರಡುವ ಮೊದಲೇ ಕೇಳಿ.