ಮಗ್ಗುಲು ಹೊರಳಿಸುವ ಹೊತ್ತು

"ಅನ್ನ ತಿಂತೀಯೋ ಮಣ್ಣು ತಿಂತೀಯೋ? ಮುದುಕೀನ ನೆಲಕ್ಕೆ ಕೆಡವಿ ಕಲ್ಲು ನಿಂತಂಗೆ ನಿಂತಿದೀಯಲ್ಲೇ, ದರಿದ್ರದವಳೇ! ಬಾಯಿಗೇನು ಬೀಗ ಬಿದ್ದಿದೆಯಾ?"

ಸೊಸೆ ನನ್ನ ಮುಖಕ್ಕೆ ಬೆರಳು ತಿವಿದು ಬೈಯುತ್ತಿದ್ದಳು. ಆಕೆಯನ್ನು ನಾನು ಅಮ್ಮಾವ್ರೇ ಅನ್ನಬೇಕು. ನನಗೆ ಈ ಮನೆಯಲ್ಲಿರುವ ಹೆಸರು "ಏ", ಅಷ್ಟೇ.

ಮಂಚದ ಮೇಲೆ ಅಮ್ಮಾವ್ರ ಅತ್ತೆ, ನಾನು ನೋಡಿಕೊಳ್ಳುವ ಅಜ್ಜಿ, ಮಲಗಿದ್ದಳು. ಹುಬ್ಬಿನ ಮೇಲೆ ಹೊಲಿಗೆ, ಕೆನ್ನೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಲಕ್ವ ಹೊಡೆದು ಮಾತು ನಿಂತ ಜೀವ. ಹಾಗಿದ್ದೂ ಗಂಜಿ ಕುಡಿಸುವಾಗ ಮೊದಲ ಚಮಚವನ್ನು ನನ್ನ ಬಾಯಿಯ ಕಡೆಗೇ ತಳ್ಳುತ್ತಿದ್ದಳು. ಅಂಥವಳನ್ನು ಬೀಳಿಸಿದೆನಲ್ಲ, ನನ್ನ ಕೈಗೆ ಹುಳ ಬೀಳಲಿ.

ನಿನ್ನೆ ಬೆಳಿಗ್ಗೆ ನಡೆದದ್ದು ಇಷ್ಟು. ಬೆನ್ನಿಗೆ ಹುಣ್ಣಾಗದಂತೆ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಬೇಕು. ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. ಬಿಟ್ಟರೆ ಆಚೆ ಬದಿಗೆ ಬಿದ್ದಂತೆಯೇ. ಸಾಹೇಬ, ಅಂದರೆ ಅಜ್ಜಿಯ ಮಗ, ದಿನಾ ಸರಿಯಾಗಿ ಆ ಹೊತ್ತಿಗೇ ಬರುತ್ತಿದ್ದ. "ಅಮ್ಮ ಹೇಗಿದಾರೆ?" ಅನ್ನುತ್ತಾ ಹಿಂದೆ ನಿಂತು ನನ್ನ ಅಂಗಿಯೊಳಗೆ ಕೈ ಹಾಕುತ್ತಿದ್ದ. ನನ್ನ ಎರಡು ಕೈಯೂ ಖಾಲಿಯಿಲ್ಲ ಅನ್ನುವುದು ಆ ನಾಯಿಗೆ ಗೊತ್ತು. ನನ್ನನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯ ಮೇಡಂಗೆ ಹೇಳಿದ್ದೆ. "ದೊಡ್ಡ ಮನೆ ಕಣೇ, ಹೊಂದ್ಕೊಂಡು ಹೋಗು. ಮುಟ್ಟಿದ್ರೆ ಸವೆದು ಹೋಗ್ತೀಯಾ?" ಅಂದಿದ್ದಳು.

ನಿನ್ನೆ ತಡೆಯಲಾಗಲಿಲ್ಲ. ತಿರುಗಿ ಅವನ ಕೈ ಕಿತ್ತೆಸೆದೆ. ಹಿಂದೆ ಧಪ್ ಅಂತ ಸದ್ದಾಯಿತು.

ಇವತ್ತು ರಾಜಿ ಮಾಡಿಸಲು ಮೇಡಂ ಬಂದು ಕೂತಿದ್ದಳು. "ಕೈ ಜಾರ್ತು, ತಪ್ಪಾಯ್ತು ಅಂತ ಸಾಹೇಬ್ರಿಗೆ ಹೇಳು, ಕೆಲಸ ಉಳಿಯತ್ತೆ. ಇಲ್ಲಾಂದ್ರೆ ಪೊಲೀಸು. ಆಮೇಲೆ ಯಾರೂ ನಿನ್ನ ಹೊಸ್ತಿಲು ಹತ್ತಿಸಲ್ಲ, ನೋಡ್ಕೋ."

"ಹೋಗ್ಲಿ ಬಿಡಿ, ಪಾಪ," ಅಂದ ಸಾಹೇಬ. "ನಾನಂತೂ ಕ್ಷಮಿಸಿದೀನಿ."

ಅಷ್ಟರಲ್ಲಿ ಅಜ್ಜಿ ನರಳಿದಳು. ಹಾಸಿಗೆ ಒದ್ದೆಯಾಗಿತ್ತು. ಸೊಸೆ ಮೂಗು ಮುಚ್ಚಿಕೊಂಡಳು. "ಏನು ನೋಡ್ತಾ ನಿಂತಿದೀಯೇ? ಬಳಿ!"

"ಒಬ್ಬಳ ಕೈಲಿ ಆಗಲ್ಲ ಅಮ್ಮಾವ್ರೇ. ಇನ್ನೊಂದ್ಸಲ ಬಿದ್ರೆ? ಸಾಹೇಬ್ರು ಹಿಡ್ಕೊಳ್ಳಲಿ."

ಎಲ್ಲರೆದುರಿಗೆ ಒಲ್ಲೆ ಅನ್ನಲಾಗದೆ ಬಂದ. ಅವನ ಒಂದು ಕೈಯನ್ನು ಭುಜಕ್ಕೆ, ಇನ್ನೊಂದನ್ನು ಸೊಂಟಕ್ಕೆ ಇಡಿಸಿ ಅಜ್ಜಿಯನ್ನು ಹೊರಳಿಸಿದೆ. ಒದ್ದೆ ಬಟ್ಟೆ ಎಳೆದು, ಮೈ ಒರೆಸಿ, ಮೇಲೊಂದು ಹೊದಿಕೆ ಹಾಕಿದೆ. ಆಮೇಲೆ ನೆಟ್ಟಗೆ ನಿಂತೆ.

"ಕೈ ಜಾರ್ಲಿಲ್ಲ ಮೇಡಂ. ನಾನೇ ಬಿಟ್ಟೆ."

ಸೊಸೆ ಬಾಯಿ ತೆರೆದಳು. ನಾನು ಬಿಡಲಿಲ್ಲ.

"ಅಜ್ಜೀನ ಹೀಗೇ ಹಿಡ್ಕೊಂಡಿದ್ದೆ. ಈ ಬೋಳಿಮಗ ಹಿಂದಿನಿಂದ ಬಂದು ಅಂಗಿಯೊಳಗೆ ಕೈ ಹಾಕ್ದ. ದಿನಾ ಹಾಕ್ತಿದ್ದ. ಆ ಕೈ ಕೀಳೋಕೆ ಅಜ್ಜೀನ ಬಿಟ್ಟೆ."

"ಮುಚ್ಚೇ ಬಾಯಿ, ಹಾದರಗಿತ್ತಿ!" ಸಾಹೇಬ ನನ್ನ ಮೇಲೆ ನುಗ್ಗಲು ಕೈ ಸಡಿಲಿಸಿದ. ಅಜ್ಜಿ ಅಂಚಿನ ಕಡೆಗೆ ವಾಲಿದಳು.

"ಬಿಡ್ಬೇಡ! ಬಿಟ್ರೆ ಬೀಳ್ತಾರೆ," ಅಂದೆ.

ಗಕ್ಕನೆ ಮತ್ತೆ ಹಿಡಿದ. ಅವನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

ಮಂಚದ ಆಚೆ ಹೋಗಿ ಅಜ್ಜಿಯ ಮುಖದೆದುರು ಕುಕ್ಕರಗಾಲಲ್ಲಿ ಕೂತೆ. "ತಪ್ಪಾಯ್ತಮ್ಮಾ. ಬೀಳಿಸಿದ್ದು ನಾನೇ." ಅಜ್ಜಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯಿಂದ ನೀರಿಳಿಯಿತು. ಈ ಮುದಿಜೀವವನ್ನು ಇವತ್ತೂ ನನ್ನ ಜಗಳಕ್ಕೆ ಅಡ್ಡ ಇಟ್ಟುಕೊಂಡೆನಲ್ಲ.

"ನಿಜವೇನ್ರೀ?" ಸೊಸೆ ಗಂಡನ ಎದುರಿಗೆ ಬಂದು ನಿಂತಳು. "ನನ್ನ ಮುಖ ನೋಡಿ ಹೇಳಿ."

ಅವನು ತಾಯಿಯನ್ನು ಹಿಡಿದೇ ನಿಂತಿದ್ದ; ಈಗ ಅವನ ಎರಡು ಕೈಯೂ ಖಾಲಿಯಿಲ್ಲ. ನಾನು ಅಜ್ಜಿಯ ಕೆಳಗೆ ಹಾಸುವ ಒಣಬಟ್ಟೆಯ ಮಡಿಕೆ ಬಿಚ್ಚತೊಡಗಿದೆ. ಅವಸರ ಮಾಡಲಿಲ್ಲ.